ಶಿವಮೊಗ್ಗದ ಊಟದ ಮನೆಯಲ್ಲಿ ಶಿಕಾಗೊ: ಅಡುಗೆಗೆ ಮೆಚ್ಚುಗೆ, ಗೋಡೆಗೆ ಆಕ್ಷೇಪ

ಶಿವಮೊಗ್ಗದ ಹೊಸ ಬಡಾವಣೆಯೊಂದರಲ್ಲಿ ಈಚೆಗೆ ಆರಂಭವಾಗಿರುವ ಕುಟುಂಬ ರೆಸ್ಟೋರೆಂಟೊಂದು ತನ್ನ ಒಳಾಂಗಣಕ್ಕೆ 1920ರ ದಶಕದ ಶಿಕಾಗೊ ನಗರವನ್ನು ಆರಿಸಿಕೊಂಡಿದೆ. ಆಕ್ಷೇಪಿಸಬೇಕಾದ ಸಂಗತಿಗಳೆಲ್ಲ ಸುಲಭವಾಗಿ ತಿದ್ದಿಕೊಳ್ಳಬಹುದಾದವು. ಆದ್ದರಿಂದ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಅಡುಗೆಯ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ಅದು ನಿಜಕ್ಕೂ ಚೆನ್ನಾಗಿದೆ. ಅಕ್ಕಿತರಿಯ ಕಡುಬು ಒಳಗಿನವರೆಗೂ ಬಿಸಿಯಾಗಿದ್ದು, ಮುರಿದರೆ ಕೈಗೆ ಅಂಟುತ್ತಿರಲಿಲ್ಲ. ಕೋಳಿಸಾರಿನಲ್ಲಿ ಕಾಳುಮೆಣಸಿನ ಖಾರ ಗಂಟಲಿಗೆ ತಾಕುವಷ್ಟಿದ್ದರೂ ತೆಂಗಿನಕಾಯಿಯ ರುಚಿ ಮುಚ್ಚಿಹೋಗಿರಲಿಲ್ಲ. ಪಿಜ್ಜಾ ಸಾಧಾರಣ. ಮುರುಗಲ ಹಣ್ಣಿನ ಶರಬತ್ತು ಮಾತ್ರ ಹುಳಿ, ಸಿಹಿ, ಉಪ್ಪು ಮೂರೂ ಹದವಾಗಿ ಬೆರೆತ ಅಪ್ಪಟ ಮಲೆನಾಡಿನ ಪಾನೀಯ. ಅದರ ಕಡುಗೆಂಪು ಬಣ್ಣವನ್ನು ನೆಪಮಾಡಿಕೊಂಡು ಮೆನುವಿನಲ್ಲಿ ಅದಕ್ಕೆ ‘ವ್ಯಾಲೆಂಟೈನ್ ಮ್ಯಾಸಕರ್’ (ವ್ಯಾಲೆಂಟೈನ್ ದಿನದ ಹತ್ಯಾಕಾಂಡ) ಎಂದು ಹೆಸರಿಟ್ಟಿದ್ದಾರೆ. ನನ್ನ ಆಕ್ಷೇಪ ಶುರುವಾಗುವುದು ಇಲ್ಲಿಂದ.

1929ರ ಫೆಬ್ರುವರಿ 14ರ ಬೆಳಿಗ್ಗೆ ಶಿಕಾಗೊದ ನಾರ್ತ್ ಕ್ಲಾರ್ಕ್ ರಸ್ತೆಯ ಗ್ಯಾರೇಜೊಂದರಲ್ಲಿ ಕಳ್ಳಮದ್ಯದ ಗ್ಯಾಂಗುಗಳ ಕಲಹದಲ್ಲಿ ಏಳು ಜನರನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ ಗುಂಡಿಟ್ಟು ಕೊಲ್ಲಲಾಯಿತು. ಕೊಂದವರಲ್ಲಿ ಇಬ್ಬರು ಪೊಲೀಸ್ ಸಮವಸ್ತ್ರದಲ್ಲಿ ಬಂದಿದ್ದರಿಂದ, ಇದು ಮಾಮೂಲಿ ದಾಳಿಯೆಂದು ನಂಬಿದ ಆ ಜನ ಎದುರಾಡದೆ ಗೋಡೆಯ ಕಡೆ ತಿರುಗಿದ್ದರು. ಸತ್ತವರೆಲ್ಲ ಗ್ಯಾಂಗಿನವರೂ ಆಗಿರಲಿಲ್ಲ: ಜಾನ್ ಮೇ ಗ್ಯಾರೇಜಿನ ಮೆಕ್ಯಾನಿಕ್, ರೈನ್‌ಹಾರ್ಟ್ ಶ್ವಿಮರ್ ಕನ್ನಡಕದ ವೃತ್ತಿಯವನು. ಹದಿನಾಲ್ಕು ಗುಂಡು ತಗುಲಿಯೂ ಕೆಲವು ಗಂಟೆ ಬದುಕಿದ್ದ ಫ್ರಾಂಕ್ ಗುಸೆನ್‌ಬರ್ಗ್, ತನ್ನನ್ನು ಯಾರೂ ಹೊಡೆದಿಲ್ಲ ಎಂದು ಪೊಲೀಸರಿಗೆ ಹೇಳಿ ಪ್ರಾಣಬಿಟ್ಟ. ಈ ಕೊಲೆಗಳಿಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ರೆಸ್ಟೋರೆಂಟಿನವರು ಆ ಗೋಡೆಯನ್ನೇ ಹೋಲುವ ಇಟ್ಟಿಗೆ ಗೋಡೆಯೊಂದನ್ನು ಕಟ್ಟಿ, ಗುಂಡಿನ ತೂತುಗಳನ್ನು ಬಣ್ಣದಲ್ಲಿ ಬರೆದು, ಅದನ್ನು ಫೋಟೊ ತೆಗೆಸಿಕೊಳ್ಳುವ ಜಾಗವನ್ನಾಗಿ ಮಾಡಿದ್ದಾರೆ. ನಾನು ಹೋದಾಗ ಮಕ್ಕಳು ಅದರೆದುರು ಕೈ ಮೇಲೆತ್ತಿ ನಿಂತಿದ್ದರು.

ಭಿತ್ತಿಚಿತ್ರಗಳ ಪಕ್ಕದ ವಿವರಣೆಗಳಲ್ಲೂ ತಪ್ಪುಗಳಿವೆ. ಶಿಕಾಗೊದ ಗ್ಯಾಂಗ್ ನಾಯಕ ಅಲ್ ಕಪೋನ್ ಕೊಲೆ ಆರೋಪದ ಮೇಲೆ ಜೈಲಿಗೆ ಹೋದನೆಂದು ಒಂದರಲ್ಲಿ ಬರೆದಿದೆ. ವಾಸ್ತವದಲ್ಲಿ 1931ರಲ್ಲಿ ಅವನಿಗೆ ಹನ್ನೊಂದು ವರ್ಷಗಳ ಶಿಕ್ಷೆಯಾದದ್ದು ಆದಾಯ ತೆರಿಗೆ ವಂಚನೆಗೆ. ಇನ್ನೊಂದು ಫಲಕ ಗ್ಯಾಂಗುಗಳ ಇಡೀ ಕಲಹವನ್ನು ಇಟಾಲಿಯನ್ನರಿಗೂ ಐರಿಷರಿಗೂ ಇದ್ದ ಜನಾಂಗದ್ವೇಷವೆಂದು ಮುಗಿಸಿಬಿಡುತ್ತದೆ. ಆ ದ್ವೇಷ ಇರಲಿಲ್ಲವೆಂದಲ್ಲ, ಆದರೆ ಜಗಳದ ಬೇರು ಮಾರುಕಟ್ಟೆಯಲ್ಲಿತ್ತು. 1920ರ ಜನವರಿಯಲ್ಲಿ ಅಮೆರಿಕದಾದ್ಯಂತ ಪಾನನಿಷೇಧ ಜಾರಿಗೆ ಬಂದಾಗ ಕುಡಿಯುವವರು ಹಾಗೆಯೇ ಉಳಿದರು, ಕಾನೂನುಬದ್ಧ ಮಾರಾಟಗಾರರು ಮಾತ್ರ ಇಲ್ಲವಾದರು. ಆಗ ಕಪೋನ್‌ನ ನಾಯಕನಾಗಿದ್ದ ಜಾನಿ ಟೊರಿಯೊ ಶಿಕಾಗೊದ ಬಿಯರ್ ವ್ಯಾಪಾರವನ್ನು ಸೀಮೆಗಳಾಗಿ ಹಂಚಿ ಗ್ಯಾಂಗುಗಳ ನಡುವೆ ಒಪ್ಪಂದ ಮಾಡಿಸಿದ. ಕಳ್ಳಭಟ್ಟಿ ಎಂದರೇನೆಂದು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಇನ್ನೊಂದು ಗ್ಯಾಂಗಿನ ಜೆನ್ನಾ ಸಹೋದರರು ಬಡ ವಲಸಿಗರ ಅಡುಗೆಮನೆಗಳಲ್ಲಿ ಅದನ್ನೇ ಕಾಯಿಸಿ, ಉತ್ತರ ಭಾಗದ ಗ್ಯಾಂಗ್ ನಾಯಕ ಡೀನ್ ಒಬ್ಯಾನಿಯನ್‌ನ ಸೀಮೆಯೊಳಗೆ ಅಗ್ಗದ ಬೆಲೆಗೆ ಮಾರತೊಡಗಿದಾಗ ಒಪ್ಪಂದ ಮುರಿಯಿತು. ಟೊರಿಯೊ ಅವರನ್ನು ತಡೆಯದಿದ್ದಾಗ, ಬಿಯರ್ ತಯಾರಿಸುವ ಬ್ರೂವರಿಯೊಂದರ ಮೇಲೆ ಪೊಲೀಸ್ ದಾಳಿಯಾಗುವ ಸುಳಿವು ಮೊದಲೇ ಸಿಕ್ಕಿದ್ದ ಒಬ್ಯಾನಿಯನ್ ಅದರಲ್ಲಿನ ತನ್ನ ಪಾಲನ್ನು ಐದು ಲಕ್ಷ ಡಾಲರಿಗೆ ಟೊರಿಯೊನ ತಲೆಗೆ ಕಟ್ಟಿ ಸೇಡು ತೀರಿಸಿಕೊಂಡ. 1924ರ ನವೆಂಬರ್ 10ರಂದು ಒಬ್ಯಾನಿಯನ್‌ನದೇ ಹೂವಿನಂಗಡಿಯಲ್ಲಿ, ಕೈಕುಲುಕಲು ಬಂದವನು ಹಿಡಿದ ಕೈ ಬಿಡದಿರುವಾಗ ಜೊತೆಯವರು ಅವನಿಗೆ ಗುಂಡು ಹಾರಿಸಿ ಕೊಂದರು. ಮುಂದಿನ ಜನವರಿಯಲ್ಲಿ ಟೊರಿಯೊನ ಮೇಲೆ ದಾಳಿಯಾಯಿತು; ಬದುಕುಳಿದ ಆತ ವ್ಯವಹಾರವನ್ನು ಕಪೋನ್‌ಗೆ ಒಪ್ಪಿಸಿ ಹೊರಟುಹೋದ. 1926ರ ಸೆಪ್ಟೆಂಬರಿನಲ್ಲಿ ಒಬ್ಯಾನಿಯನ್‌ನ ಗ್ಯಾಂಗಿನ ಮುಂದಿನ ನಾಯಕ ಹೈಮಿ ವೈಸ್‌ನ ಕಡೆಯವರು ಕಾರುಗಳ ಸಾಲಿನಲ್ಲಿ ಬಂದು ಕಪೋನ್ ಊಟಕ್ಕೆ ಕುಳಿತಿದ್ದ ಹೋಟೆಲಿನ ಮೇಲೆ ಗುಂಡಿನ ಮಳೆಗರೆದರು, ಮೂರು ವಾರದಲ್ಲಿ ವೈಸ್ ಹೆಣವಾದ. ಒಂದು ಕೊಲೆಯಿಂದ ಇನ್ನೊಂದಕ್ಕೆ ಸಾಗಿ ಆ ಗ್ಯಾರೇಜಿನವರೆಗೆ ಬಂದ ಈ ಸರಪಳಿಯನ್ನು ಹೇಳದೆ ಕೇವಲ ಟೋಪಿ, ಸಿಗಾರು, ಬಂದೂಕುಗಳನ್ನು ತೋರಿಸಿದರೆ ನೋಡುವವರ ಮನಸ್ಸಿನಲ್ಲಿ ಉಳಿಯುವುದು ಠೀವಿಯೊಂದೇ.

ಹತ್ಯೆಯನ್ನು ಅಲಂಕಾರವಾಗಿಸಿದವರಲ್ಲಿ ನಮ್ಮೂರಿನವರೇ ಮೊದಲಿಗರಲ್ಲ. ಆ ಗ್ಯಾರೇಜನ್ನು 1967ರಲ್ಲಿ ಕೆಡವಿದಾಗ ಕೆನಡಾದ ಉದ್ಯಮಿಯೊಬ್ಬರು ಗೋಡೆಯ ಇಟ್ಟಿಗೆಗಳನ್ನು ಕೊಂಡು, ಮುಂದೆ ವ್ಯಾಂಕೂವರಿನ ನೈಟ್‌ಕ್ಲಬ್ಬಿನ ಗಂಡಸರ ಶೌಚಾಲಯದಲ್ಲಿ ಜೋಡಿಸಿದರು. ಈಗ ಅವುಗಳಲ್ಲಿ ಬಹುಪಾಲು ಲಾಸ್ ವೇಗಸ್ಸಿನ ಮಾಬ್ ಮ್ಯೂಸಿಯಮ್ಮಿನಲ್ಲಿ ಇತಿಹಾಸದ ವಿವರಣೆಯೊಂದಿಗೆ ನಿಂತಿವೆ. ಅದೇ ಇಟ್ಟಿಗೆಗೆ ಸಿಕ್ಕ ಈ ಎರಡು ಜಾಗಗಳ ನಡುವಿನ ವ್ಯತ್ಯಾಸವನ್ನು ರೆಸ್ಟೋರೆಂಟಿನವರು ಗಮನಿಸಬೇಕು. ಗೋಡೆಯನ್ನು ಕೆಡವಬೇಕಾಗಿಲ್ಲ, ಪಕ್ಕದಲ್ಲಿ ಸತ್ತ ಏಳು ಜನರ ಹೆಸರು ಬರೆಸಿ, ಕಪೋನ್‌ನ ಫಲಕವನ್ನು ತಿದ್ದಿಸಿ, ಶರಬತ್ತಿಗೆ ಮುರುಗಲ ಎಂಬ ಅದರದೇ ಹೆಸರನ್ನು ಮರಳಿ ಕೊಟ್ಟರೆ ಸಾಕು.

ವ್ಯವಸ್ಥಾಪಕರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಫಲಕಗಳನ್ನು ಒಳಾಂಗಣದ ಗುತ್ತಿಗೆದಾರರು ಸಿದ್ಧಪಡಿಸಿದ್ದೆಂದು ತಿಳಿಸಿ, ತಿದ್ದುಪಡಿಗಳನ್ನು ಬರೆದುಕೊಡಲು ಕೋರಿದರು. ಕನ್ನಡದಲ್ಲಿಯೇ ಬರೆದುಕೊಟ್ಟಿದ್ದೇನೆ. ಊಟಕ್ಕೆ ಹೋಗುವವರು ಕಡುಬನ್ನೂ ಕೋಳಿಸಾರನ್ನೂ ಧೈರ್ಯವಾಗಿ ಹೇಳಬಹುದು. ಭಾನುವಾರ ಸಂಜೆ ಜನ ಹೆಚ್ಚಿರುವುದರಿಂದ ಫೋನಿನಲ್ಲಿ ಮೊದಲೇ ಮೇಜು ಕಾದಿರಿಸಿಕೊಳ್ಳುವುದು ಒಳ್ಳೆಯದು.