ಎನ್‌ಐಸಿಯುನಲ್ಲಿ ಮಗುವಿದ್ದರೆ ರಕ್ತದ ಕಲ್ಚರ್ ವರದಿಯನ್ನು ಕೈಗೆ ಪಡೆಯಿರಿ: ನಮ್ಮಿಂದ ಅದನ್ನು ಮುಚ್ಚಿಟ್ಟರು

ನಮ್ಮ ಮಗುವಿನ ರಕ್ತದಲ್ಲಿ ಬೆಳೆದ ಬ್ಯಾಕ್ಟೀರಿಯಾ ಯಾವುದು, ಅದಕ್ಕೆ ಯಾವ ಯಾವ ಔಷಧಿ ನಾಟುವುದಿಲ್ಲ ಎಂಬುದು ಆಸ್ಪತ್ರೆಯವರಿಗೆ ಗೊತ್ತಿತ್ತು. ನಮಗೆ ಹೇಳಲಿಲ್ಲ. ಹೇಳದೆ ಇದ್ದರು ಎಂದಷ್ಟೇ ಅಲ್ಲ, ಕೇಳಿದಾಗಲೆಲ್ಲ "ವರದಿ ಇನ್ನೂ ಬಂದಿಲ್ಲ" ಎಂದರು. ಜಿಲ್ಲಾ ಕೇಂದ್ರವೊಂದರ ದೊಡ್ಡ ಖಾಸಗಿ ಆಸ್ಪತ್ರೆ ಅದು. ದೂರು ವಿಚಾರಣೆಯಲ್ಲಿರುವುದರಿಂದ ಹೆಸರು ಬರೆಯುತ್ತಿಲ್ಲ. ಹೆಸರಿಗಿಂತ ಅವರು ನಡೆದುಕೊಂಡ ರೀತಿ ನಿಮಗೆ ತಿಳಿಯಬೇಕು, ಏಕೆಂದರೆ ನಾಳೆ ಇದೇ ಮಾತುಗಳನ್ನು ನಿಮಗೂ ಹೇಳಬಹುದು.

ಮಗು ಅದೇ ಆಸ್ಪತ್ರೆಯಲ್ಲಿ, ತಿಂಗಳು ತುಂಬುವ ಮೊದಲೇ, ಸಿಸೇರಿಯನ್ ಮೂಲಕ ಹುಟ್ಟಿತು. ತೂಕ ಕಡಿಮೆ ಇತ್ತು, ಉಸಿರಾಟಕ್ಕೆ ನೆರವು ಬೇಕಾಯಿತು, ಎನ್‌ಐಸಿಯುಗೆ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ, ಸೇರಿಸಿದರು. ಮರುದಿನ ಮಗು ಹಾಲು ಬಿಟ್ಟು ಮಂಕಾಯಿತು, ಮೈ ತಣ್ಣಗಾಗತೊಡಗಿತು. ರಕ್ತಕ್ಕೆ ನಂಜೇರಿದೆ, ಸೆಪ್ಸಿಸ್ ಎಂದರು. ರಕ್ತವನ್ನು ಕಲ್ಚರ್‌ಗೆ, ಅಂದರೆ ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಗೆ, ಕಳುಹಿಸಿ ಆಂಟಿಬಯಾಟಿಕ್ ಆರಂಭಿಸಿದರು. ಇಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ. ಅವಧಿಪೂರ್ವ ಶಿಶುಗಳಿಗೆ ಸೋಂಕು ತಗಲುವುದುಂಟು, ಚಿಕಿತ್ಸೆ ಹೀಗೆಯೇ ಆರಂಭವಾಗುತ್ತದೆ ಎಂಬುದು ನನಗೂ ಗೊತ್ತು.

ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಸಾಮಾನ್ಯವಾಗಿ ಒಂದೆರಡು ದಿನ, ಯಾವ ಔಷಧಿ ನಾಟುತ್ತದೆಂದು ನೋಡಲು ಇನ್ನೊಂದು ದಿನ ಹಿಡಿಯುತ್ತದೆ. ಅಷ್ಟು ಕಾಲ ಕಳೆದ ಮೇಲೂ ನಾನು ಕೇಳುತ್ತಲೇ ಇದ್ದೆ, ಅವರು ಹೇಳುತ್ತಲೇ ಇದ್ದರು: ಲ್ಯಾಬ್ ಹೊರಗಿನದು, ಮಧ್ಯೆ ಭಾನುವಾರ ಬಂತು, ದೊಡ್ಡ ಡಾಕ್ಟರು ರೌಂಡ್ಸ್‌ಗೆ ಬಂದಾಗ ಹೇಳುತ್ತಾರೆ, ವರದಿ ಇನ್ನೂ ಬಂದಿಲ್ಲ. ಈ ನಡುವೆ ಔಷಧಿ ಚೀಟಿಯಲ್ಲಿ ಮೊದಲು ಮೆರೊಪೆನೆಮ್ ಎಂಬ ಪ್ರಬಲ ಆಂಟಿಬಯಾಟಿಕ್ ಬಂತು, ಆಮೇಲೊಂದು ಬೆಳಿಗ್ಗೆ ಕಾಲಿಸ್ಟಿನ್ ಬಂತು. ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು ವೈದ್ಯರೇ ದಶಕಗಳ ಕಾಲ ಬದಿಗಿಟ್ಟಿದ್ದು, ಉಳಿದ ಔಷಧಿಗಳು ಸೋತಾಗ ಮತ್ತೆ ಹೊರತೆಗೆದ ಹಳೆಯ ಔಷಧಿ ಅದು. ಅದನ್ನು ಅಷ್ಟು ಸಣ್ಣ ಮಗುವಿಗೆ ಏಕೆ ಕೊಡುತ್ತಿದ್ದೀರಿ ಎಂದು ಕೇಳಿದಾಗ ಡ್ಯೂಟಿ ಡಾಕ್ಟರು, "ಸ್ವಲ್ಪ ಸ್ಟ್ರಾಂಗ್ ಔಷಧಿ, ಅಷ್ಟೇ" ಎಂದರು. ವರದಿ? ಇನ್ನೂ ಬಂದಿಲ್ಲ.

ಅದಾದ ಮೇಲೆ ನಮ್ಮನ್ನು ಕೌನ್ಸೆಲಿಂಗ್ ಕೊಠಡಿಗೆ ಕರೆದರು. ಹೊಲಿಗೆಯ ನೋವಿನಲ್ಲೇ ನನ್ನ ಹೆಂಡತಿ ಬಂದು ಕುಳಿತಳು, ಎರಡೂ ಕಡೆಯ ಹಿರಿಯರು ನಿಂತಿದ್ದರು. ಅಷ್ಟು ಜನರ ಮುಂದೆ, "ತಾಯಿಗೆ ನೀರು ಮೊದಲೇ ಹೋಗಿತ್ತು, ಸೋಂಕು ತಾಯಿಯಿಂದಲೇ ಮಗುವಿಗೆ ಬಂದಿದೆ, ಹುಟ್ಟುವಾಗಲೇ ಬಂದಿದೆ" ಎಂದು ಹೇಳಿ, ಅದನ್ನೇ ಬರೆದಿದ್ದ ಕಾಗದವೊಂದಕ್ಕೆ ಸಹಿ ಹಾಕಿಸಿಕೊಂಡರು. ಸಹಿ ಇಲ್ಲದೆ ಮುಂದಿನ ಚಿಕಿತ್ಸೆಗೆ ಒಪ್ಪಿಗೆ ಆಗುವುದಿಲ್ಲ ಎಂದರು. ಅಂದಿನಿಂದ ನನ್ನ ಹೆಂಡತಿ ಅನುಭವಿಸಿದ್ದನ್ನು ಬರೆಯಲು ನನಗೆ ಸಂಕಟವಾಗುತ್ತದೆ. ಬಸಿರಿನಲ್ಲಿ ಏನು ತಿಂದೆ, ಏಕೆ ಮೊದಲೇ ತೋರಿಸಲಿಲ್ಲ ಎಂದು ಬಂದವರೆಲ್ಲ ಕೇಳಿದರು. ತಾಯಿ ಒಳಗೆ ಬಂದರೆ ಸೋಂಕು ಹೆಚ್ಚುತ್ತದೆ ಎಂದು ಅವಳನ್ನು ಎನ್‌ಐಸಿಯು ಬಾಗಿಲಲ್ಲೇ ತಡೆದರು. ಅದೇ ಬಾಗಿಲಿನ ಗಾಜಿನಾಚೆ ಸಿಬ್ಬಂದಿ ಒಂದು ಮಗುವನ್ನು ಮುಟ್ಟಿದ ಕೈಯಲ್ಲೇ, ತೊಳೆಯದೆ, ಇನ್ನೊಂದು ಮಗುವನ್ನು ಮುಟ್ಟುವುದನ್ನು ನಾವಿಬ್ಬರೂ ನೋಡಿದ್ದೇವೆ.

ಮಗು ಸುಧಾರಿಸದೆ ಇದ್ದಾಗ ಸರ್ಕಾರಿ ಮಕ್ಕಳ ಆಸ್ಪತ್ರೆಗೆ ವರ್ಗಾಯಿಸಿಕೊಂಡೆವು. ಅಲ್ಲಿನ ವೈದ್ಯೆ ರೆಫರಲ್ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ ಮೊದಲ ಪ್ರಶ್ನೆ, "ಕಲ್ಚರ್ ಎಲ್ಲಿ?" ಇನ್ನೂ ಬಂದಿಲ್ಲ ಎಂದೆ. ಅವರು ನನ್ನ ಮುಖ ನೋಡಿದರು. ಬಿಲ್ಲುಗಳ ಕಟ್ಟಿನಲ್ಲಿದ್ದ ಲ್ಯಾಬ್ ಸಂಖ್ಯೆಯನ್ನು ಹುಡುಕಿ, ನೀವೇ ಫೋನ್ ಮಾಡಿ ಎಂದರು. ಲ್ಯಾಬಿನವರು ಸಹಜವಾಗಿಯೇ, "ಅದನ್ನು ಆವತ್ತೇ ಆಸ್ಪತ್ರೆಗೆ ಇಮೇಲ್ ಮಾಡಿದ್ದೇವಲ್ಲ ಸರ್" ಎಂದು ಹೇಳಿ, ಪ್ರತಿಯನ್ನು ನನ್ನ ಮೊಬೈಲಿಗೆ ಕಳುಹಿಸಿದರು. ಬ್ಯಾಕ್ಟೀರಿಯಾದ ಹೆಸರು ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ. ಕೆಳಗೆ ಔಷಧಿಗಳ ಪಟ್ಟಿ, ಮೆರೊಪೆನೆಮ್ ಸೇರಿ ಹೆಚ್ಚುಕಡಿಮೆ ಎಲ್ಲದರ ಮುಂದೆಯೂ ನಾಟುವುದಿಲ್ಲ ಎಂಬ ಗುರುತು. ವರದಿಯ ದಿನಾಂಕ ನೋಡಿದೆ. ನಮ್ಮಿಂದ ಆ ಕಾಗದಕ್ಕೆ ಸಹಿ ಹಾಕಿಸಿಕೊಂಡ ದಿನಕ್ಕಿಂತ ಹಿಂದಿನದು! ಅಂದರೆ ಕೊಠಡಿಯಲ್ಲಿ ನಮ್ಮೆದುರು ಕುಳಿತು "ವರದಿ ಇನ್ನೂ ಬಂದಿಲ್ಲ" ಎನ್ನುವಾಗ ವರದಿ ಅವರ ಬಳಿಯೇ ಇತ್ತು. ಕಾಲಿಸ್ಟಿನ್ ಬರೆದದ್ದೂ ಅದನ್ನು ನೋಡಿಯೇ. ನಾನು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಅಷ್ಟು ದಿನ ಕೈಮುಗಿದು ನಿಂತು ಕೇಳಿದ್ದೆಲ್ಲ ನೆನಪಾಗಿ ಮೈಯೆಲ್ಲ ಉರಿದುಹೋಯಿತು.

ಆ ಖಾಸಗಿ ಆಸ್ಪತ್ರೆಗೆ ಫೋನ್ ಮಾಡಿದಾಗ ಅವರು ಕೊಟ್ಟ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. ಮೊದಲು, "ಅದು ಪ್ರಾಥಮಿಕ ವರದಿ." ಅಲ್ಲ, ಅಂತಿಮ ಎಂದು ಅದರಲ್ಲೇ ಮುದ್ರಿಸಿದೆ ಎಂದೆ. "ಪೋಷಕರು ಗಾಬರಿಯಾಗುತ್ತಾರೆ ಎಂದು ಕೊಡುವುದಿಲ್ಲ." ಆಮೇಲೆ, "ಕೊಟ್ಟಿದ್ದರೂ ನಿಮಗೇನು ಅರ್ಥವಾಗುತ್ತಿತ್ತು?" ಕೊನೆಗೆ, "ಈ ಬ್ಯಾಕ್ಟೀರಿಯಾ ಎಲ್ಲ ಆಸ್ಪತ್ರೆಗಳಲ್ಲೂ ಇದೆ, ನಮ್ಮಲ್ಲಿ ಮಾತ್ರವೇ?"

ಈ ಕೊನೆಯ ಮಾತೊಂದು ನಿಜ, ಅದೇ ಅವರನ್ನು ಸಿಕ್ಕಿಸುತ್ತದೆ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ 13 ಸಾವಿರಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಗಮನಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಗಿದೆ. ಸೆಪ್ಸಿಸ್‌ನ ಸುಮಾರು ಮೂರನೆಯ ಎರಡು ಭಾಗ ಹುಟ್ಟಿದ 72 ಗಂಟೆಯೊಳಗೇ ಕಾಣಿಸಿಕೊಂಡಿತ್ತು, ಅಸಿನೆಟೊಬ್ಯಾಕ್ಟರ್ ಮತ್ತು ಕ್ಲೆಬ್ಸಿಯೆಲ್ಲಾ ಮುಂಚೂಣಿಯಲ್ಲಿದ್ದವು, ಕ್ಲೆಬ್ಸಿಯೆಲ್ಲಾದಲ್ಲಿ ಶೇ. 54ರಷ್ಟು ಬಹುಔಷಧಿ ನಿರೋಧಕವಾಗಿದ್ದವು, ಅಂದರೆ ಹಲವು ಬಗೆಯ ಔಷಧಿಗಳು ಅವಕ್ಕೆ ನಾಟುತ್ತಿರಲಿಲ್ಲ. ಮೊದಲ ದಿನಗಳ ಸೋಂಕು ತಾಯಿಯಿಂದ, ನಂತರದ್ದು ಆಸ್ಪತ್ರೆಯಿಂದ ಎಂಬುದು ಹಳೆಯ ಪಾಠ. ಆದರೆ ಆ ಅಧ್ಯಯನದಲ್ಲಿ ಬೇಗ ಬಂದ ಸೋಂಕಿನಲ್ಲೂ ತಡವಾಗಿ ಬಂದ ಸೋಂಕಿನಲ್ಲೂ ಸಿಕ್ಕಿದ್ದು ಹೆಚ್ಚುಕಡಿಮೆ ಅವೇ ಬ್ಯಾಕ್ಟೀರಿಯಾಗಳು. ಹೆರಿಗೆ ಕೋಣೆಯ ಕೈಗಳು, ಸಿಂಕು, ಉಸಿರಾಟದ ಕೊಳವೆ, ಹಲವು ಮಕ್ಕಳಿಗೆ ಒಂದೇ ಸೀಸೆಯಿಂದ ತೆಗೆಯುವ ದ್ರಾವಣ, ಇವುಗಳಿಂದಲೂ ಮೊದಲ ದಿನವೇ ಸೋಂಕು ತಗಲಬಹುದು. ಹೀಗಿರುವಾಗ ಯಾವ ಪರೀಕ್ಷೆಯೂ ಇಲ್ಲದೆ ತಾಯಿಯ ಮೇಲೆ ಬರೆದು ಸಹಿ ಪಡೆಯಲು ಇವರಿಗೇನು ಆಧಾರವಿತ್ತು? ಪಕ್ಕದ ವಾರ್ಮರ್‌ನಲ್ಲಿ (ಶಿಶುವನ್ನು ಬೆಚ್ಚಗಿಡುವ ಹಾಸಿಗೆಯಲ್ಲಿ) ಇದ್ದ ಮಗುವಿನ ತಂದೆಯನ್ನು ಹುಡುಕಿ ಮಾತನಾಡಿದೆ. ಅವರ ವರದಿಯಲ್ಲೂ ಅದೇ ಹೆಸರಿದೆ. ಅವರ ಮನೆಯಲ್ಲೂ ತಾಯಿಯಿಂದ ಬಂತೆಂದೇ ಹೇಳಿದ್ದಾರಂತೆ.

ಆದ್ದರಿಂದ ನೀವು ಮಾಡಬೇಕಾದದ್ದಿಷ್ಟು. ಕಲ್ಚರ್‌ಗೆ ರಕ್ತ ತೆಗೆದ ದಿನವೇ ಲ್ಯಾಬಿನ ಹೆಸರು ಮತ್ತು ಮಾದರಿ ಸಂಖ್ಯೆ ಬರೆದುಕೊಂಡು, ಎರಡು ದಿನ ಬಿಟ್ಟು ನೇರವಾಗಿ ಲ್ಯಾಬನ್ನೇ ಕೇಳಿ. ದಾಖಲೆಗಳನ್ನು ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ. ಬಾಯಿಮಾತಿನಲ್ಲಿ ಕೇಳಬೇಡಿ, ಬಾಯಿಮಾತಿಗೆ ಇವರಲ್ಲಿ ಬೆಲೆಯಿಲ್ಲ. ಸೋಂಕಿನ ಮೂಲವನ್ನು ತೀರ್ಮಾನಿಸಿ ಬರೆದ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ತಾಯಿಯನ್ನು ಹೊರಗೆ ನಿಲ್ಲಿಸಿದರೆ ಕಾರಣ ಬರೆದು ಕೊಡಿ ಎನ್ನಿ. ಅವಧಿಪೂರ್ವ ಮಗುವನ್ನು ಆದಷ್ಟು ಬೇಗ ತಾಯಿಯ ಎದೆಗೆ ಹಚ್ಚಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ, ಮತ್ತು ಸರ್ಕಾರಿ ಆಸ್ಪತ್ರೆಯಲ್ಲಿ ನನ್ನ ಹೆಂಡತಿಯನ್ನು ಕೈ ತೊಳೆಸಿ ಒಳಗೆ ಕರೆದು ಕೂರಿಸಿದರು.

ಮಗು ಉಳಿದಿದೆ. ಕಿವಿಯ ಪರೀಕ್ಷೆ, ಮೂತ್ರಪಿಂಡದ ಪರೀಕ್ಷೆ ಇನ್ನೂ ನಡೆಯುತ್ತಿವೆ. ಖಾಸಗಿ ಆಸ್ಪತ್ರೆಗಳ ಮೇಲಿನ ದೂರುಗಳನ್ನು ಕೇಳುವ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಟ್ಟ ನಂತರ ಆಸ್ಪತ್ರೆಯ ಮ್ಯಾನೇಜರ್ ಕರೆ ಮಾಡಿ, ಔಷಧಿ ಬಿಲ್ಲಿನಲ್ಲಿ ಒಂದಷ್ಟು ಹಿಂದಿರುಗಿಸುತ್ತೇವೆ, ವಿಷಯ ಮುಗಿಸಿಕೊಳ್ಳಿ ಎಂದರು. ನಾವು ಹಣ ಕೇಳಿಲ್ಲ. ಸೋಂಕು ತಾಯಿಯಿಂದ ಬಂತೆಂಬ ಆ ಸಾಲನ್ನು ದಾಖಲೆಯಿಂದ ತೆಗೆದು, ಹಾಗೆ ತೆಗೆದಿದ್ದೇವೆಂದು ನನ್ನ ಹೆಂಡತಿಯ ಹೆಸರಿಗೆ ಪತ್ರ ಕೊಡಬೇಕೆಂದು ಕೇಳಿದ್ದೇವೆ. ಅದಕ್ಕೆ ಅವರು ಇನ್ನೂ ಉತ್ತರ ಕೊಟ್ಟಿಲ್ಲ.