ಆನ್‌ಎಕ್ಸ್ ಹಂಟ್ ಆ್ಯಪ್: ನಾಲ್ಕು ಸೆಪ್ಟೆಂಬರ್ ಬಳಸಿದ ಮೇಲೆ

ಆನ್‌ಎಕ್ಸ್ ಹಂಟ್ ಬೇಟೆಗಾರರಿಗೆಂದು ಮಾಡಿದ ನಕ್ಷೆಯ ಆ್ಯಪ್. ಮೊದಲ ವರ್ಷ ಇದನ್ನು ಕೊಂಡಿದ್ದು ಎಲ್ಕ್ ಎಂಬ ದೊಡ್ಡ ಜಿಂಕೆ ಎಲ್ಲಿ ಸಿಗುತ್ತದೆ ಎಂದು ಹುಡುಕಲು. ಈಗ ಎಲ್ಲಿ ಬಾಣ ಬಿಡಬಾರದು ಎಂದು ತೀರ್ಮಾನ ಮಾಡಲು ಬಳಸುತ್ತೇನೆ. ಈ ಬದಲಾವಣೆ ಹೇಗಾಯಿತು ಎಂದು ಹೇಳಬೇಕು.

ನಾನು ಕೊಡಗಿನವನು, ಅಮೆರಿಕದ ಡೆನ್ವರ್‌ನಲ್ಲಿದ್ದೇನೆ. ನಮ್ಮ ಅಜ್ಜಂದಿರ ಬೇಟೆ ಕಥೆಗಳು 1972ರ ವನ್ಯಜೀವಿ ಕಾಯ್ದೆಗೆ ಮುಗಿದವು, ಅದು ಸರಿಯೂ ಹೌದು. ಇಲ್ಲಿ ಕೊಲರಾಡೋದಲ್ಲಿ ಲೈಸೆನ್ಸ್ ತೆಗೆದುಕೊಂಡು ಎಲ್ಕ್ ಬೇಟೆಗೆ ಹೋಗಬಹುದು. ಎಲ್ಕ್ ನಮ್ಮ ಕಡವೆಯ ಬಳಗದ ಪ್ರಾಣಿ, ಅದಕ್ಕಿಂತ ದೊಡ್ಡದು. ಬೆಳೆದ ಗಂಡು 300 ಕಿಲೋ ದಾಟುತ್ತದೆ. ಬಿಲ್ಲಿನ ಸೀಸನ್ ಸೆಪ್ಟೆಂಬರ್ 2ಕ್ಕೆ ಶುರು. ಮಾರನೇ ದಿನ ಊರಲ್ಲಿ ಕೈಲ್ ಮುಹೂರ್ತ, ನಮ್ಮ ಆಯುಧ ಪೂಜೆಯ ಹಬ್ಬ. ಅಲ್ಲಿ ಮನೆಯವರು ಕೋವಿಗೆ ಹೂವಿಡುವಾಗ ನಾನು ಇಲ್ಲಿ ಬೆಟ್ಟದ ಮೇಲೆ ಇರುತ್ತೇನೆ. ನನಗೆ ಅದು ಸಣ್ಣ ವಿಷಯವಲ್ಲ.

ಆ್ಯಪ್‌ನ ಮುಖ್ಯ ಕೆಲಸ ಯಾವ ಜಮೀನು ಯಾರದು ಎಂದು ತೋರಿಸುವುದು. ಅರಣ್ಯ ಇಲಾಖೆಯ ಜಾಗ ಹಸಿರು, ಬಿಎಲ್‌ಎಂ (ಕೇಂದ್ರ ಸರ್ಕಾರದ ಭೂ ನಿರ್ವಹಣಾ ಸಂಸ್ಥೆ) ಜಾಗ ಹಳದಿ, ರಾಜ್ಯದ್ದು ನೀಲಿ. ಖಾಸಗಿ ಜಮೀನಾದರೆ ಮಾಲೀಕರ ಹೆಸರೂ ಬರುತ್ತದೆ. ಪಶ್ಚಿಮದ ರಾಜ್ಯಗಳಲ್ಲಿ ಎಷ್ಟೋ ಕಡೆ ಸರ್ಕಾರಿ ಮತ್ತು ಖಾಸಗಿ ಜಮೀನು ಚದುರಂಗದ ಮನೆಗಳ ಹಾಗೆ ಹಂಚಿಹೋಗಿವೆ. ಎರಡು ಸರ್ಕಾರಿ ಚೌಕಗಳು ಮೂಲೆಯಲ್ಲಿ ಮಾತ್ರ ತಾಗುತ್ತವೆ. ಆ ಮೂಲೆ ದಾಟಬಹುದೇ? ವಯೋಮಿಂಗ್‌ನ ಎಲ್ಕ್ ಮೌಂಟನ್‌ನಲ್ಲಿ ನಾಲ್ವರು ಬೇಟೆಗಾರರು ಖಾಸಗಿ ನೆಲಕ್ಕೆ ಕಾಲಿಡದೆ ಏಣಿ ಇಟ್ಟು ದಾಟಿದ್ದಕ್ಕೆ ದೊಡ್ಡ ಕೇಸ್ ಆಯಿತು. 2025ರ ಮಾರ್ಚ್‌ನಲ್ಲಿ ಹತ್ತನೇ ಸರ್ಕಿಟ್ ಕೋರ್ಟ್ (ಕೇಂದ್ರದ ಮೇಲ್ಮನವಿ ನ್ಯಾಯಾಲಯ) ಬೇಟೆಗಾರರ ಪರ ತೀರ್ಪು ಕೊಟ್ಟಿತು. ಆ ಕೋರ್ಟಿನ ವ್ಯಾಪ್ತಿಗೆ ಕೊಲರಾಡೋ ಕೂಡ ಬರುತ್ತದೆ. ಆದರೂ ನಾನು ಮೂಲೆ ದಾಟುವ ಜಾಗಗಳಿಗೆ ಹೋಗುವುದಿಲ್ಲ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೆ ಈಚೆ ಆಗುತ್ತದೆ. ಪರದೆಯ ಗೆರೆ ನೋಡಿ ಅಷ್ಟು ಧೈರ್ಯ ಮಾಡುವುದು ಸರಿಯಲ್ಲ ಅನ್ನಿಸುತ್ತದೆ.

ನಾನು ಹೋಗುವುದು ಫ್ಲಾಟ್ ಟಾಪ್ಸ್ ವೈಲ್ಡರ್ನೆಸ್ ಎಂಬ ಸಂರಕ್ಷಿತ ಕಾಡಿನ ಪ್ರಸ್ಥಭೂಮಿಗೆ, ಟ್ರಾಪರ್ಸ್ ಲೇಕ್ ಎಂಬ ಕೆರೆಯ ಸುತ್ತಮುತ್ತ. ಸುಮಾರು 3,000 ಮೀಟರ್ ಎತ್ತರ. ಮನೆಯಲ್ಲಿ ಕುಳಿತು ನಕ್ಷೆ ನೋಡುವುದು ನನಗೆ ಇಷ್ಟದ ಕೆಲಸ, ಚಳಿಗಾಲ ಪೂರ್ತಿ ಅದೇ. ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನ ದಟ್ಟ ಕಾಡಲ್ಲಿ ಎಲ್ಕ್ ಹಗಲು ಮಲಗುತ್ತವೆ. ಸಂಜೆ ಹುಲ್ಲುಗಾವಲಿಗೆ ಬರುತ್ತವೆ. ನೀರಿನ ಒರತೆ, ಕಣಿವೆಯ ಮಧ್ಯದ ಸಮತಟ್ಟು ಜಾಗ, ಎಲ್ಲವನ್ನೂ ಗುರುತು ಮಾಡಿಕೊಳ್ಳುತ್ತಿದ್ದೆ. ದೂರ ಅಳೆಯುವ ಸೌಲಭ್ಯವೂ ಇದೆ. ಅದರಲ್ಲಿ ಎರಡು ಕಿಲೋಮೀಟರ್ ಅಂತ ಬಂದರೆ ಒಂದು ಗಂಟೆ ಎಂದು ಲೆಕ್ಕ ಹಾಕಿದ್ದೆ.

ಆ ಲೆಕ್ಕ ತಪ್ಪಿತ್ತು. 1940ರ ದಶಕದಲ್ಲಿ ಈ ಪ್ರಸ್ಥಭೂಮಿಯ ಸ್ಪ್ರೂಸ್ ಮರಗಳನ್ನು ತೊಗಟೆ ಹುಳ ಬಹಳವಾಗಿ ಕೊಂದಿತ್ತು. 2002ರಲ್ಲಿ ಕೆರೆಯ ಸುತ್ತ ಕಾಡ್ಗಿಚ್ಚು ಬಂತು. ಬಿದ್ದ ಮರಗಳು ಒಂದರ ಮೇಲೊಂದು ಸೊಂಟದೆತ್ತರಕ್ಕೆ ಅಡ್ಡಡ್ಡ ಬಿದ್ದಿವೆ. ಯಾವ ಕಂಪನಿಯ ನಕ್ಷೆಯಲ್ಲೂ ಬಿದ್ದ ಮರ ಕಾಣುವುದಿಲ್ಲ. ಹಾಗಾಗಿ ಎರಡು ಕಿಲೋಮೀಟರ್‌ಗೆ ನಾಲ್ಕು ಗಂಟೆ ಆಯಿತು. ಕಾಡ್ಗಿಚ್ಚಿನ ಹಳೆಯ ಗಡಿ ತೋರಿಸುವ ಪದರ ಆ್ಯಪ್‌ನಲ್ಲೇ ಇದೆ. ಅದನ್ನು ಈಗ ಮೊದಲು ಹಾಕಿ ನೋಡುತ್ತೇನೆ.

2023ರಲ್ಲಿ ರಸ್ತೆಯಿಂದ ಆರೂವರೆ ಕಿಲೋಮೀಟರ್ ಒಳಗೆ ಒಂದು ಗಂಡು ಸಿಕ್ಕಿತು. ಜೊತೆಗೆ ಚಿಕ್ಕಪ್ಪನ ಮಗ ಇದ್ದ. ಸಂಜೆ ಆರು ಗಂಟೆ, 25 ಮೀಟರ್ ದೂರ, ಒಳ್ಳೆಯ ಹೊಡೆತ. ಅಂಥ ಗಂಡಿನಲ್ಲಿ ಮೂಳೆ ತೆಗೆದ ಮಾಂಸವೇ ಸುಮಾರು 90 ಕಿಲೋ ಬರುತ್ತದೆ. ವೈಲ್ಡರ್ನೆಸ್ ಒಳಗೆ ಚಕ್ರ ಇರುವ ಯಾವುದನ್ನೂ ತರುವಂತಿಲ್ಲ, ಕೈಗಾಡಿಯನ್ನೂ ಸಹ. ಕುದುರೆ ತರುತ್ತೇನೆ ಎಂದು ಮೊದಲೇ ಒಪ್ಪಿಕೊಂಡಿದ್ದವರು ಬರಲಿಲ್ಲ. ಒಬ್ಬೊಬ್ಬರು 25 ಕಿಲೋ ಹೊತ್ತರೂ ಇಬ್ಬರೂ ಎರಡೆರಡು ಸಲ ಹೋಗಬೇಕು. ರಾತ್ರಿ ಮಳೆ ಬಂತು, ಕೈ ಮರಗಟ್ಟಿತ್ತು. ಒಂದು ಹಿಂದಿನ ತೊಡೆಯನ್ನು ಮೂಳೆ ಬಿಡಿಸದೆ ಹಾಗೇ ನೇತು ಹಾಕಿದೆವು. ಮಾರನೇ ದಿನ ಬಿಸಿಲು 20 ಡಿಗ್ರಿ ದಾಟಿತು. ಎರಡನೇ ಹೊರೆಗೆ ವಾಪಸ್ ಬಂದಾಗ ಸಂಜೆಯಾಗಿತ್ತು. ತಮ್ಮ ಚಾಕು ಹಾಕಿ ಮೂಸಿ ನೋಡಿದ. "ಅಣ್ಣ, ಮೂಳೆ ಹತ್ತಿರ ಕೆಟ್ಟಿದೆ" ಅಂದ.

ಅಷ್ಟು ದೊಡ್ಡ ತೊಡೆ. ಎಷ್ಟು ಮನೆಗಳಿಗೆ ಪಾಲು ಹೋಗುತ್ತಿತ್ತು! ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ಕೊಂದ ಪ್ರಾಣಿಯ ಮಾಂಸ ಕೆಡಿಸುವುದಕ್ಕಿಂತ ದೊಡ್ಡ ತಪ್ಪು ಬೇಟೆಯಲ್ಲಿ ಇಲ್ಲ ಎಂದು ನಾನು ನಂಬಿದ್ದೇನೆ.

ಅಂದಿನಿಂದ ಯೋಜನೆಯನ್ನು ತಿರುಗಿಸಿದೆ. ಮೊದಲು ಗಾಡಿ ನಿಲ್ಲಿಸುವ ಜಾಗದಿಂದ ಮೂರು ಕಿಲೋಮೀಟರ್ ಗೆರೆ ಎಳೆಯುತ್ತೇನೆ. ಕಾಡ್ಗಿಚ್ಚು ಬಿದ್ದ ಭಾಗ, ಹೊರೆ ಹೊತ್ತು ಏರಬೇಕಾದ ಕಣಿವೆ, ಎರಡನ್ನೂ ತೆಗೆಯುತ್ತೇನೆ. ಉಳಿದ ಜಾಗದಲ್ಲಿ ಮಾತ್ರ ಎಲ್ಕ್ ಹುಡುಕುವುದು. ಅದರಾಚೆ ಎಷ್ಟೇ ದೊಡ್ಡ ಗಂಡು ಕೂಗಿದರೂ ಬಾಣ ಬಿಡುವುದಿಲ್ಲ. 2024ರಲ್ಲಿ ಹಾಗೆ ಒಂದನ್ನು ಬಿಟ್ಟು ಬರಿಗೈಲಿ ಬಂದೆ. 2025ರಲ್ಲಿ ಎರಡು ಕಿಲೋಮೀಟರ್ ಒಳಗೆ ಒಂದು ಹೆಣ್ಣು ಸಿಕ್ಕಿತು. ರಾತ್ರಿಯೇ ಮೂಳೆ ಪೂರ್ತಿ ಬಿಡಿಸಿದೆವು. ಮಾರನೇ ಮಧ್ಯಾಹ್ನಕ್ಕೆ ಎಲ್ಲ ಮಾಂಸ ಐಸ್ ಪೆಟ್ಟಿಗೆಯಲ್ಲಿತ್ತು.

ಗಾಳಿಯ ದಿಕ್ಕನ್ನೂ ಆ್ಯಪ್ ತೋರಿಸುತ್ತದೆ, ಆದರೆ ಅದು ಮುನ್ಸೂಚನೆ. ಬೆಟ್ಟದಲ್ಲಿ ಬೆಳಗಿನ ತಣ್ಣನೆ ಗಾಳಿ ಕೆಳಕ್ಕೆ ಜಾರುತ್ತದೆ, ಬಿಸಿಲೇರಿದ ಮೇಲೆ ಮೇಲಕ್ಕೆ ಹೋಗುತ್ತದೆ, ಸಂಜೆ ಮತ್ತೆ ಕೆಳಕ್ಕೆ. ಇದಕ್ಕೆ ಜೇಬಲ್ಲಿ ಪೌಡರ್ ಡಬ್ಬಿ ಸಾಕು, ಒಂದು ಚಿಟಿಕೆ ಹಾರಿಸಿದರೆ ಗೊತ್ತಾಗುತ್ತದೆ. ನಕ್ಷೆಯನ್ನು ಮನೆಯಲ್ಲೇ ಆಫ್‌ಲೈನ್ ಇಳಿಸಿಕೊಳ್ಳಿ, ಮೇಲೆ ಸಿಗ್ನಲ್ ಇಲ್ಲ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಫೋನನ್ನು ರಾತ್ರಿ ಮಲಗುವ ಚೀಲದೊಳಗೆ ಇಟ್ಟುಕೊಳ್ಳುತ್ತೇನೆ. ಕಾಗದದ ನಕ್ಷೆ, ಕಂಪಾಸ್ ಎರಡೂ ಜೊತೆಗಿರಲಿ.

ಚಂದಾ ಒಂದು ರಾಜ್ಯಕ್ಕೆ ಬೇರೆ, ಇಡೀ ದೇಶಕ್ಕೆ ಬೇರೆ. ಒಂದೇ ರಾಜ್ಯದಲ್ಲಿ ಬೇಟೆಯಾಡುವವರಿಗೆ ಒಂದು ರಾಜ್ಯದ್ದೇ ಸಾಕು. ಸುಮ್ನೆ ಜಾಸ್ತಿ ಕೊಡಬೇಡಿ. ಮೊದಲ ಸಲ ಯೋಚಿಸುತ್ತಿರುವವರು ಆ್ಯಪ್ ಕೊಳ್ಳುವ ಮುಂಚೆ ರಾಜ್ಯದ ವನ್ಯಜೀವಿ ಇಲಾಖೆಯಾದ ಕೊಲರಾಡೋ ಪಾರ್ಕ್ಸ್ ಆ್ಯಂಡ್ ವೈಲ್ಡ್‌ಲೈಫ್‌ನ ಆನ್‌ಲೈನ್ ನಕ್ಷೆ ಹಂಟಿಂಗ್ ಅಟ್ಲಾಸ್ ನೋಡಿ, ಅದು ಉಚಿತ. ಅವರಿಗೆ ಫೋನ್ ಮಾಡಿದರೆ ಯೋಜನೆಗೆ ಸಹಾಯವನ್ನೂ ಮಾಡುತ್ತಾರೆ. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಬೇಟೆ ತರಬೇತಿಯ ಕಾರ್ಡ್ ಬೇಕು. ಬೇರೆ ರಾಜ್ಯದಿಂದ ಬರುವವರಿಗೆ 2025ರಿಂದ ಐ-25 ಹೆದ್ದಾರಿಯ ಪಶ್ಚಿಮಕ್ಕೆ ಎಲ್ಕ್‌ನ ಬಿಲ್ಲಿನ ಲೈಸೆನ್ಸ್ ಕೌಂಟರ್‌ನಲ್ಲಿ ನೇರವಾಗಿ ಸಿಗುವುದಿಲ್ಲ. ಏಪ್ರಿಲ್ ಮೊದಲ ಮಂಗಳವಾರದೊಳಗೆ ಅರ್ಜಿ ಹಾಕಬೇಕು. ಬಂದ ದಿನವೇ 3,000 ಮೀಟರ್‌ಗೆ ಏರಬೇಡಿ. ಡೆನ್ವರ್‌ನಲ್ಲಿ ಒಂದೆರಡು ರಾತ್ರಿ ಉಳಿದು ಹೋಗಿ, ತಲೆನೋವು ಕಡಿಮೆ ಆಗುತ್ತದೆ.