ರ‍್ಯಾಂಪ್ ಇದೆ, ಹತ್ತೋಕಾಗಲ್ಲ: ದಾವಣಗೆರೆಯ ಒಂದು ಬೆಣ್ಣೆದೋಸೆ ಹೋಟೆಲ್

ಪಿ.ಬಿ. ರಸ್ತೆಯಲ್ಲಿ ಈಚೆಗೆ ನವೀಕರಣ ಮುಗಿಸಿರುವ ಈ ಹೋಟೆಲಿನ ದೋಸೆ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಂಚು ಗರಿಗರಿ, ನಡು ಮೆತ್ತಗೆ, ಬೆಣ್ಣೆ ಧಾರಾಳ. ಪಲ್ಯಕ್ಕೆ ಉಪ್ಪು ಮಾತ್ರ ಒಂದು ಚೂರು ಮುಂದು. ಬಾಗಿಲಿಗೆ ಗಾಲಿಕುರ್ಚಿಯ ನೀಲಿ ಚಿತ್ರ ಅಂಟಿಸಿದ್ದಾರಲ್ಲ, ಅದನ್ನು ನಂಬಿ ಹೋಗಬಹುದಾ ಅನ್ನೋದು ಇಲ್ಲಿಯ ಪ್ರಶ್ನೆ.

ಮುಂದೆ ಮೂರು ಮೆಟ್ಟಿಲು, ಒಟ್ಟು 45 ಸೆಂ.ಮೀ. ಎತ್ತರ. ರ‍್ಯಾಂಪಿನ ಇಳಿಜಾರು 1:12ಕ್ಕಿಂತ (1 ಅಡಿ ಏರೋಕೆ 12 ಅಡಿ ಉದ್ದ) ಕಡಿದಾಗಿರಬಾರದು. ಅಂದರೆ ಇಷ್ಟು ಎತ್ತರಕ್ಕೆ 5.4 ಮೀಟರ್ ಉದ್ದ ಬೇಕು. ಇಲ್ಲಿರೋದು 2.1 ಮೀಟರ್. ದೂಡಿಕೊಂಡು ಹೋದರೆ ಮುಂದಿನ ಚಕ್ರ ಎದ್ದು ಕುರ್ಚಿ ಹಿಂದಕ್ಕೆ ವಾಲುತ್ತೆ. ಮೇಲೆ ಹಾಸಿರೋದು ಪಾಲಿಶ್ ಗ್ರಾನೈಟ್. ನೆಲ ತೊಳೆದಾಗ ಊರುಗೋಲಿನ ರಬ್ಬರ್ ತುದಿಯೂ ಜಾರುತ್ತೆ. ಹಿಡಿಕಂಬಿ ಇಲ್ಲ, ಪಕ್ಕದಲ್ಲಿ ಚಕ್ರ ಜಾರದಂತೆ ಅಂಚುಕಟ್ಟೆಯೂ ಇಲ್ಲ. ನೋಡಿದರೆ ಸಿಲಿಂಡರ್ ಇಳಿಸೋಕೆ ಮಾಡಿದ ಹಾಗಿದೆ, ಚಿತ್ರ ಆಮೇಲೆ ಬಂದಿರಬೇಕು. ಫುಟ್‌ಪಾತ್‌ವರೆಗೆ ಜಾಗ ಇರೋದೇ ಅಷ್ಟು ಅಂತ ಮೇಸ್ತ್ರಿ ಅಲ್ಲಿಗೇ ಇಳಿಸಿದ್ದಾರೆ. ಪಕ್ಕದ ಗೋಡೆಯುದ್ದಕ್ಕೂ ಬೈಕ್ ನಿಲ್ಲಿಸುವ 7 ಮೀಟರ್ ಜಾಗ ಖಾಲಿ ಇದೆ! 5.4 ಮೀಟರ್ ರ‍್ಯಾಂಪ್ ಅಲ್ಲಿಂದ ಏರಿಸಿ, ತುದಿಯಲ್ಲಿ ಕುರ್ಚಿ ತಿರುಗಿಸೋಕೆ 1.5 ಮೀಟರ್ ಸಮತಟ್ಟು ಬಿಟ್ಟರೂ ಹಿಡಿಯುತ್ತೆ. ಒರಟು ಟೈಲ್ಸ್, ಎರಡೂ ಬದಿಗೆ ಪೈಪಿನ ಹಿಡಿಕಂಬಿ ಹಾಕಿಸಿದರೆ ಕೆಲಸ ಆಯ್ತು.

ಜೋಡಿ ಬಾಗಿಲಿನ ಒಂದು ಕದಕ್ಕೆ ಸದಾ ಚಿಲಕ. ಸಿಗೋ ಜಾಗ 60 ಸೆಂ.ಮೀ., ಬೇಕಾದ್ದು 90. ಚಿಲಕ ತೆಗೆಯೋಕೆ ಒಂದು ಪೈಸೆ ಖರ್ಚಿಲ್ಲ.

ಒಳಗೆ ಹಾಲ್‌ನ ಕಲ್ಲು ಬೆಂಚುಗಳು ನೆಲಕ್ಕೆ ಹೂತಿವೆ, ಗಾಲಿಕುರ್ಚಿ ಟೇಬಲ್ಲಿಗೆ ಹತ್ತಿರ ಬರಲ್ಲ. ಎ.ಸಿ. ಕೋಣೆಯಲ್ಲಿ ಕುರ್ಚಿ ಸರಿಸಬಹುದು, ಟೇಬಲ್ ಕೆಳಗೆ ಮೊಣಕಾಲಿಗೆ ಜಾಗವೂ ಇದೆ. ಸಪ್ಲೈಯರ್‌ಗಳಿಗೆ ಪೂರ್ತಿ ಅಂಕ: ಕಣ್ಣು ಕಾಣದ ಗ್ರಾಹಕರಿಗೆ ಗೋಡೆಯ ಬೋರ್ಡನ್ನು ರೇಟು ಸಮೇತ ಓದಿ ಹೇಳ್ತಾರೆ, ಚಟ್ನಿ ಬಟ್ಟಲು ತಟ್ಟೆಯ ಯಾವ ಕಡೆ ಇದೆ ಅನ್ನೋದನ್ನೂ. ಕ್ಯಾಶ್‌ನಲ್ಲಿ ಕೂತವರು ಮಾತ್ರ ಜೊತೆಗಿದ್ದವರನ್ನೇ ಕೇಳ್ತಾರೆ: ‘ಇವರಿಗೆ ಏನು ಕೊಡ್ಲಿ?’

ಟಾಯ್ಲೆಟ್ಟಿಗೂ ನೀಲಿ ಚಿತ್ರ ಇದೆ. ಒಳಗೆ ಫಿನಾಯಿಲ್ ಕ್ಯಾನು, ಪೊರಕೆ, ಮುರಿದ ಸ್ಟೂಲು. ಬಾಗಿಲು ಒಳಕ್ಕೆ ತೆರೆಯುತ್ತೆ, ಹಾಗಾಗಿ ಯಾರಾದರೂ ಒಳಗೆ ಬಿದ್ದರೆ ಹೊರಗಿನಿಂದ ತಳ್ಳೋಕಾಗಲ್ಲ. ಹಿಡಿಕಂಬಿಯನ್ನು ಬರೀ ಟೈಲ್ಸಿಗೆ ಸ್ಕ್ರೂ ಹೊಡೆದು ಕೂರಿಸಿದ್ದಾರೆ, ಮುಟ್ಟಿದರೆ ಅಲ್ಲಾಡುತ್ತೆ. ಇಟ್ಟಿಗೆಯೊಳಕ್ಕೆ ಆ್ಯಂಕರ್ ಬೋಲ್ಟ್ ಹೋಗದಿದ್ದರೆ ಅದು ಮೈಭಾರ ತಡೆಯಲ್ಲ.

‘ಖಾಸಗಿ ಹೋಟೆಲ್, ನಮ್ಮಿಷ್ಟ’ ಅನ್ನೋ ಹಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಜನ ಬಳಸುವ ಖಾಸಗಿ ಕಟ್ಟಡವೂ ಸಾರ್ವಜನಿಕ ಕಟ್ಟಡವೇ. ವಿಕಲಚೇತನರು ಬಳಸೋ ಹಾಗೆ ಮಾಡೋಕೆ ಸೆಕ್ಷನ್ 46 ಖಾಸಗಿ ಸೇವೆಗಳಿಗೂ ಗಡುವು ಕೊಟ್ಟಿದೆ: ನಿಯಮ ಬಂದ 2 ವರ್ಷದೊಳಗೆ. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಸೆಕ್ಷನ್ 89ರಲ್ಲಿ ಮೊದಲ ಉಲ್ಲಂಘನೆಗೆ 10,000 ರೂ.ವರೆಗೆ ದಂಡ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷ. ಒಂದು ತೊಡಕಿದೆ: 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಇಂಥ ಸೌಲಭ್ಯಗಳ ಮಾನದಂಡ ಹೇಳುವ ನಿಯಮ 15(1) ಬರೀ ಸಲಹೆಯ ರೂಪದಲ್ಲಿದೆ ಅಂತ ಅದನ್ನು ರದ್ದು ಮಾಡಿ, ಕಡ್ಡಾಯ ಮಾನದಂಡ ತನ್ನಿ ಎಂದು ಕೇಂದ್ರಕ್ಕೆ ಹೇಳಿತು. ಅದಕ್ಕೇ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಬರೆಯುವಾಗ ‘ರ‍್ಯಾಂಪ್ ಸರಿಯಿಲ್ಲ’ ಅಂದರೆ ಸಾಲದು. ಟೇಪು ಹಿಡಿದ ಫೋಟೊ, ಎತ್ತರ, ಉದ್ದ, ತಾರೀಕು ಎಲ್ಲ ಇರಲಿ.

ಸದ್ಯಕ್ಕೆ ಹೋಗೋದಾದರೆ ಮೊದಲೇ ಫೋನ್ ಮಾಡಿ ಎರಡೂ ಕದ ತೆಗೆಸಿ, ಎ.ಸಿ. ಕೋಣೆ ಕೇಳಿ. ಮೆಟ್ಟಿಲಿಗೆ ಮಾತ್ರ ಗಟ್ಟಿ ಆಳು ಇಬ್ಬರು ಬೇಕೇ ಬೇಕು.